ಹೊಳೆದಂಡೆಯ ವರಪರೀಕ್ಷೆ

ಹುಡುಗ ಹಿಂದೆ ಬಿದ್ದದ್ದು ಸುಸ್ತಾಗಿ ಅಲ್ಲ, ತಮ್ಮನ್ನು ಹಿಂದಿನಿಂದ ಅಳೆಯುವುದಕ್ಕೆ ಎಂಬ ಅನುಮಾನ ಗೋಪೀನಾಥರಿಗೆ ಮೂರನೆಯ ಮೈಲಿಯಲ್ಲೇ ಬಂತು. ಗಕ್ಕನೆ ತಿರುಗಿದರು. ಲಕ್ಷ್ಮೀಶ ನಿಜಕ್ಕೂ ನೋಡುತ್ತಿದ್ದ. ಅವರ ಮೊಣಕಾಲು, ಅವರ ಉಸಿರು, ಬಂಡೆ ಹತ್ತುವಾಗ ಅವರು ಸೊಂಟಕ್ಕೆ ಕೊಡುವ ಕೈ.

"ಏನ್ರೀ ಹಾಗೆ ನೋಡ್ತಿದ್ದೀರಿ?"

"ಏನಿಲ್ಲ ಸಾರ್. ಬಿಪಿ, ಶುಗರ್ ಏನಾದ್ರೂ ಇದೆಯಾ?"

ಎಲಾ ಇವನ! ಗೋಪೀನಾಥರ ಮೈ ಉರಿದುಹೋಯಿತು. ಸಿಡ್ನಿಯ ಎಪ್ಪಿಂಗ್‌ನಲ್ಲಿ ಸ್ವಂತ ಮನೆ, ಒಬ್ಬಳೇ ಮಗಳು, ಐವತ್ತೆಂಟು ದಾಟಿದ ಅಪ್ಪ. ಮುದುಕ ಇನ್ನೆಷ್ಟು ವರ್ಷ ಎಂದು ಅಂದಾಜು ಮಾಡುತ್ತಿದ್ದಾನೆ.

"ಗುಂಡುಕಲ್ಲಿನ ಹಾಗಿದ್ದೀನಿ. ಇನ್ನು ಮೂವತ್ತು ವರ್ಷ ಎಲ್ಲಿಗೂ ಹೋಗೋನಲ್ಲ" ಎಂದರು.

"ಒಳ್ಳೇದಾಯ್ತು" ಎಂದ ಲಕ್ಷ್ಮೀಶ. ನಟನೆಯಲ್ಲೂ ಗಟ್ಟಿಗ ಎಂದುಕೊಂಡರು ಗೋಪೀನಾಥರು.

ಅದು ೧೯೯೨ರ ಸೆಪ್ಟೆಂಬರ್. ಸಿಡ್ನಿಯಿಂದ ನ್ಯೂಕ್ಯಾಸಲ್‌ವರೆಗೆ ಇನ್ನೂರೈವತ್ತು ಕಿಲೋಮೀಟರ್ ಹೋಗುವ ಕಾಲುದಾರಿಯ ಒಂದು ತುಂಡನ್ನು, ಲೇನ್ ಕೋವ್ ಹೊಳೆಯ ಕಣಿವೆಯಲ್ಲಿ, ಇಬ್ಬರೂ ನಡೆಯುತ್ತಿದ್ದರು. ಏರ್ಪಾಡು ಮಗಳು ಪ್ರಣತಿಯದು. ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಮುಂದಿನ ತಿಂಗಳು ಹೊರಡುವವಳು ಅವಳು. "ಮದುವೆ ವಿಷಯ ಅಪ್ಪಾ. ನಾನು ಬಾಯಿ ಬಿಟ್ರೆ ನೀವು ಕೂಗಾಡ್ತೀರಿ. ನನ್ನ ಫ್ರೆಂಡ್ ಲಕ್ಷ್ಮೀಶ ಮೆಲ್ಬರ್ನ್‌ನಿಂದ ಬರ್ತಿದ್ದಾನೆ. ಒಂದು ದಿನ ಅವನ ಜೊತೆ ನಡೀರಿ. ನೀವಿಬ್ರೂ ಒಪ್ಪಿದ್ರೆ ಮುಂದಿನ ಮಾತು" ಎಂದಿದ್ದಳು.

ಹೆಂಡತಿ ಅಹಲ್ಯಾ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಮಾತಿಗೆ ಇದ್ದ ಜೀವ ಪ್ರಣತಿ ಒಬ್ಬಳೇ. ಕೆಲಸಕ್ಕೆಂದು ಹೋದವಳು ಮರಳಿಯಾಳು, ಮದುವೆಯಾಗಿ ಹೋದರೆ ಸಂಜೆ ಗೋಡೆಯ ಜೊತೆ ಮಾತಾಡಬೇಕು. ಈ ಭಯವನ್ನು ಗೋಪೀನಾಥರು ಯಾರ ಮುಂದೆಯೂ ಆಡಿದವರಲ್ಲ. ಹುಡುಗನಲ್ಲಿ ಹುಳುಕು ಹುಡುಕಿಯೇ ಮನೆಗೆ ಮರಳುವುದೆಂದು ಬೂಟು ಬಿಗಿದು ಬಂದಿದ್ದರು.

"ಇದೂ ಒಂದು ದಾರೀನಾ?" ಬೇರಿಗೆ ಎಡವಿ ಸಿಡುಕಿದರು. "ಅರವತ್ತಾರನೇ ಇಸವೀಲಿ ಇಂಗ್ಲೆಂಡಿನಲ್ಲಿ ಓದ್ತಿದ್ದಾಗ ಥೇಮ್ಸ್ ದಂಡೆ ಮೇಲೆ ಐದು ದಿನ ನಡೆದಿದ್ದೆ. ಹುಲ್ಲುಗಾವಲು, ಹಸು, ಚರ್ಚಿನ ಗಂಟೆ. ಕಾಲುದಾರಿ ಅಂದ್ರೆ ಅದು."

"ಆಂಟೀನೂ ಬಂದಿದ್ರಾ?"

"ಅವಳ್ಯಾಕೆ? ರೂಮಿನಲ್ಲಿದ್ಲು. ನಾನು ವಾಪಸ್ ಬಂದ ತಕ್ಷಣ ಬಿಸಿ ಸಾರು ಬೇಕಲ್ಲ."

"ಗೊತ್ತಿಲ್ಲದ ಊರಲ್ಲಿ, ಐದು ದಿನ, ಒಬ್ರೇ?"

"ಅಭ್ಯಾಸ ಆಗುತ್ತೆ ಕಣ್ರೀ."

ಲಕ್ಷ್ಮೀಶ ಚೀಲ ಬಿಗಿದುಕೊಂಡು ಮುಂದೆ ನಡೆದ.

ಮಧ್ಯಾಹ್ನ ಬಂಡೆಯ ಮೇಲೆ ಕೂತು ಅವನು ಡಬ್ಬಿ ಬಿಚ್ಚಿದ. ಚಪಾತಿ, ಬದನೆಕಾಯಿ ಪಲ್ಯ, ಕೋಡುಬಳೆ. "ಅಮ್ಮ ನಿಮಗೇಂತ ಮಾಡಿ ಕಳಿಸಿದ್ದು."

ಗೋಪೀನಾಥರು ಐದು ಕೋಡುಬಳೆ ತಿಂದು, ಕೈ ಕೊಡವಿ, ಖಾರ ಸಾಲದು ಎಂದರು.

"ಮನೆಯಲ್ಲಿ ಅಡುಗೆ ಯಾರ್ದು ಸಾರ್?"

"ಪ್ರಣತೀದು. ಕೈರುಚಿ ಥೇಟು ಅವಳಮ್ಮಂದೇ."

"ನೀವು?"

"ನಾನಾ? ಈ ಜನ್ಮದಲ್ಲಿ ಒಂದು ಲೋಟ ಕಾಫಿ ಕಾಸಿದವನಲ್ಲ" ಎಂದರು, ಪದಕ ತೋರಿಸುವವರ ಹಾಗೆ. ಆಮೇಲೆ ಕೇಳುವ ಸರದಿ ತಮ್ಮದೆಂದುಕೊಂಡರು. "ನಿಮ್ಮ ತಾಯಿ?"

"ವಿಜಯಾ ಅಂತ. ಸ್ಕೂಲಲ್ಲಿ ಮ್ಯಾಥ್ಸ್ ಟೀಚರ್. ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ನನ್ನನ್ನ ಒಬ್ರೇ ಬೆಳೆಸಿದ್ರು."

ಸಿಕ್ಕಿತಲ್ಲ ಹುಳುಕು! ವಿಧವೆ ತಾಯಿ, ಒಬ್ಬನೇ ಮಗ. ಇಂಥ ಮನೆಗೆ ಹೋದ ಹುಡುಗಿಯರ ಪಾಡು ಗೋಪೀನಾಥರಿಗೆ ಗೊತ್ತಿರಲಿಲ್ಲವೇ? ಗಾಳ ಹಾಕಿದರು. "ಮದುವೆ ಆದ್ಮೇಲೆ ಅವರು ಎಲ್ಲಿರ್ತಾರೆ?"

"ಅದು ಇವತ್ತು ತೀರ್ಮಾನ ಆಗ್ಬೇಕು ಸಾರ್."

"ಅವರನ್ನ ಬಿಟ್ಟಿರೋಕೆ ನಿಮಗೆ ಆಗುತ್ತಾ?"

"ಕಷ್ಟ. ಚೆನ್ನಾಗಿ ನೋಡ್ಕೊಳ್ಳೋರು ಸಿಕ್ಕಿದ್ರೆ ಬಿಡ್ತೀನಿ."

ಅಮ್ಮನ ಸೇವೆಗೆ ನನ್ನ ಮಗಳು ಬೇಕೇನೋ! ಗೋಪೀನಾಥರು ಧಡಕ್ಕನೆ ಎದ್ದರು. ಮುಂದೆ ಕಲ್ಲು ಮೆಟ್ಟಿಕೊಂಡು ಹೊಳೆ ದಾಟಬೇಕಿತ್ತು. ಲಕ್ಷ್ಮೀಶ ಚಾಚಿದ ಕೈಯನ್ನು ತಳ್ಳಿ ಕಾಲಿಟ್ಟರು, ಜಾರಿದರು, ಮಂಡಿಯವರೆಗೆ ನೀರಿಗೆ ಇಳಿದರು. ತಪ್ಪು ಕಲ್ಲಿನದು ಎಂದು ಬೈದರು. ಆಚೆ ದಡದ ಪೊದೆಯಲ್ಲಿ ಹಾದು ಬಂದಾಗ ಮೀನಖಂಡದ ಮೇಲೆ ಎರಡು ಜಿಗಣೆ ಕೂತಿದ್ದವು.

ಹುಡುಗ ಮಂಡಿಯೂರಿ ಕೂತ. ಉಪ್ಪು ಉದುರಿಸಿದ, ಜಿಗಣೆ ಬಿಡಿಸಿದ, ರಕ್ತ ಒರೆಸಿ ಪಟ್ಟಿ ಹಚ್ಚಿದ. ಅದಕ್ಕೂ ಗೋಪೀನಾಥರು "ಮೆಲ್ಲಗೆ ರೀ!" ಎಂದು ಗದರಿದರು. ಅವನು ತಲೆ ಎತ್ತಲಿಲ್ಲ.

ಕೊನೆಯ ಎರಡು ಮೈಲಿ ಅವರು ಕುಂಟುತ್ತ ನಡೆದರು. ಕೋಪ ಇಳಿದಷ್ಟೂ ಸಂಕಟ ಏರಿತು. ಹುಡುಗ ಕೆಟ್ಟವನಲ್ಲ. ಬೇಡ ಎಂದರೆ ಪ್ರಣತಿ ಎದುರಾಡುವುದಿಲ್ಲ, ಒಳಗೊಳಗೇ ಅಳುತ್ತಾಳೆ. ತಮ್ಮ ಒಂಟಿತನಕ್ಕೆ ಮಗಳ ಬಾಳನ್ನು ಕಾವಲಿಗೆ ಕೂರಿಸುವುದೇ? ಬಹಳ ವರ್ಷಗಳ ಮೇಲೆ ಗೋಪೀನಾಥರು ತಮ್ಮ ಹಟವನ್ನು ನುಂಗಿಕೊಂಡರು.

ಫುಲ್ಲರ್ಸ್ ಬ್ರಿಜ್ ಹತ್ತಿರ ಪ್ರಣತಿಯ ಬಿಳಿ ಕರೋಲಾ ಕಾರು ನಿಂತಿತ್ತು. ಅವಳು ಇಳಿದು, ದೂರದಿಂದಲೇ ಇಬ್ಬರ ಮುಖವನ್ನೂ ಓದಲು ನೋಡುತ್ತಿದ್ದಳು.

"ಆಯ್ತಪ್ಪಾ. ನನ್ನ ಒಪ್ಪಿಗೆ ಇದೆ" ಎಂದರು ಗೋಪೀನಾಥರು, ದೊಡ್ಡ ಮನಸ್ಸು ಮಾಡಿ. ನಮಸ್ಕಾರಕ್ಕೆ ಅನುಕೂಲವಾಗಲಿ ಎಂದು ಪಾದಗಳನ್ನು ಜೋಡಿಸಿ ನಿಂತರು.

ಲಕ್ಷ್ಮೀಶ ಬಗ್ಗಲಿಲ್ಲ. ಪ್ರಣತಿಯ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದ.

"ನನ್ನ ಒಪ್ಪಿಗೆ ಇಲ್ಲ, ಸಾರ್. ನಮ್ಮಮ್ಮನ್ನ ನಿಮಗೆ ಕೊಟ್ಟು ಮದುವೆ ಮಾಡೋಕೆ ನನಗೆ ಮನಸ್ಸಿಲ್ಲ."