ಎರಡು ಮಾರ್ಕ್ಸಿನ ಪಾಠ

ಯುದ್ಧಕಾಲದಲ್ಲಿ ನೆರೆಯವರನ್ನು ಬಚ್ಚಿಟ್ಟು ಕಾಪಾಡಿದ ಸಾಮಾನ್ಯ ಜನರ ಪಾಠವನ್ನು ಗದಿಗೆಪ್ಪ ಸರ್ ಹತ್ತೇ ನಿಮಿಷದಲ್ಲಿ ಮುಗಿಸಿಬಿಟ್ಟರು. "ಎರಡು ಮಾರ್ಕ್ಸಿಗೆ ಬರ್ತೈತಿ, ಗೆರಿ ಹೊಡಕೋರಿ" ಎಂದು ಹೇಳಿ ಆಕಳಿಸಿದರು. ಇಂಥವರಿಗೂ ಸರ್ಕಾರ ಸಂಬಳ ಕೊಡುತ್ತದೆ!

ಮರುದಿನ ಅವರನ್ನು ಕೇಳಿಕೊಂಡು, ಅದೇ ಒಂಬತ್ತನೇ ಕ್ಲಾಸಿಗೆ ಆ ಪಾಠವನ್ನು ಬಿ.ಎಡ್. ತರಬೇತಿಗೆ ಬಂದಿದ್ದ ನಾನೇ ಮತ್ತೆ ಮಾಡಿದೆ. ಸೈನಿಕರ ಕಣ್ಣು ತಪ್ಪಿಸಿ ಅಟ್ಟದಲ್ಲಿ ಪಕ್ಕದ ಮನೆಯ ಮಕ್ಕಳನ್ನು ಸಾಕಿದ ಮುದುಕಿಯ ವಿಷಯ ಬಂದಾಗ ಹುಡುಗಿಯರು ಅತ್ತೇಬಿಟ್ಟರು.

ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ, ಇಬ್ಬರು ಗಂಡಸರು ಗದಿಗೆಪ್ಪ ಸರ್ ಎದುರು ನಿಂತಿದ್ದರು.

"ನಮ್ಮ ಅಣ್ಣನ ಮಗಳು ನೀಲವ್ವ ಎಲ್ಲಿದಾಳ್ರಿ ಮಾಸ್ತರ? ನಾಳೆ ಮದುವಿ ಐತಿ, ಮುಂಜಾನೆ ಮನಿ ಬಿಟ್ಟು ಓಡ್ಯಾಳ."

"ಮದುವಿ? ಆಕಿಗಿನ್ನೂ ಹದಿನಾಲ್ಕು!"

"ಅದು ನಮಗ ಬಿಡ್ರಿ. ಸಾಲಿಗೆ ಬಂದಾಳೋ ಇಲ್ಲೋ?"

"ಇಲ್ಲ." ಸರ್ ಹಾಜರಿ ಪುಸ್ತಕ ತೆರೆದು ಅವರ ಮುಂದೆ ಹಿಡಿದರು. "ಇಲ್ನೋಡ್ರಿ, ಗೈರು ಹಾಕೀನಿ."

ಇಬ್ಬರೂ ಬಗ್ಗಿ ನೋಡಿದರು. ಗೊಣಗುತ್ತಾ ಬಾಗಿಲ ಕಡೆ ತಿರುಗಿದರು.

ಮುಂಜಾನೆ ಸರ್ ಹೆಸರು ಕರೆದಾಗ ನೀಲವ್ವ ಎದ್ದು ನಿಂತದ್ದನ್ನು ನಾನೇ ನೋಡಿದ್ದೆ. ಪಾಠವಂತೂ ಬರುವುದಿಲ್ಲ, ಹಾಜರಿಯನ್ನಾದರೂ ನೆಟ್ಟಗೆ ಹಾಕಬಾರದೇ ಈ ಮನುಷ್ಯ? ಸ್ಟಾಫ್ ರೂಮಿನಲ್ಲಿ ಎಂದೂ ಬಾಯಿ ತೆರೆಯದ ನನಗೆ ಅವತ್ತು ತಡೆಯಲಾಗಲಿಲ್ಲ.

"ಸರ್, ತಪ್ಪು ಹಾಕಿದ್ದೀರಿ. ನೀಲವ್ವ ನನ್ನ ಪಾಠ ಕೇಳಿ ಇನ್ನೂ ಕ್ಲಾಸಿನಲ್ಲೇ ಅಳುತ್ತಾ ಕೂತಿದ್ದಾಳೆ."