ಬಸ್ಸಿನ ಚಿತ್ರದ ಕಾರ್ಡು

ಮೊನ್ನೆ ಬಂದ ಲಗ್ನಪತ್ರಿಕೆಯ ಅರಿಸಿನದ ವಾಸನೆಗೆ ಅಂಕಲಗಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಅಜ್ಜಿಯೊಡನೆ ಮಾತಿಗೆ ಮಾತು ಬೆಳೆದು ಅವ್ವ ಕೌಜಲಗಿಯ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ನಾನು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಗೆ ಚಿತ್ರ ಬರೆದು ಕಾರ್ಡು ಮಾಡಿದ್ದೆ. ಮೂರು ಕಾರ್ಡು ಎತ್ತಿ, ಅವನ್ನೇ ಸೇರಿಸಿ ಕತೆ ಕಟ್ಟಬೇಕು. ಹೊರಗೆ ಹಾರ್ನ್ ಕೇಳಿದಾಗಲೆಲ್ಲ ಆಟ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಬಸ್ಸಿನ ಕಾರ್ಡನ್ನು ಮಾತ್ರ ಫ್ರಾಕಿನ ಕಿಸೆಯಲ್ಲಿ ಬಚ್ಚಿಟ್ಟುಕೊಂಡು ಪ್ರತಿ ಸಲ ಅದನ್ನೇ ತೆಗೆಯುತ್ತಿದ್ದೆ. ನಾಯಿಯಿರಲಿ, ಆನೆಯಿರಲಿ, ನನ್ನ ಕತೆಯ ಕೊನೆಗೆ ಬಸ್ಸು ಹತ್ತಿ ಹೋಗಿ ಅವ್ವನನ್ನು ಕರೆತರುತ್ತಿತ್ತು.

ಅಜ್ಜಿ ಕೌದಿ ಹೊಲಿಯುತ್ತ ಕೇಳುತ್ತಿದ್ದಳು.

“ಈಗ ನೀ ಎತ್ತು ಅಜ್ಜಿ,” ಎಂದೆ.

ಅವಳಿಗೆ ರೊಟ್ಟಿ, ಚಪ್ಪಲಿ, ಬಾಗಿಲು ಬಂದವು.

“ಒಬ್ಬಾಕಿ ಮುದಕಿ ಇದ್ಲು. ಭಾಳ ಜೋರ ಬಾಯಿ ಆಕೀದು,” ಎಂದು ಶುರುಮಾಡಿ ನಿಲ್ಲಿಸಿದಳು.

“ಮುಂದ?”

“ಮುಂದ ತಿಳೀವಲ್ದು. ನಿನ್ನ ಕಿಸೇದಾಗಿನ ಬಸ್ ಇಲ್ಲೆ ಕೊಡು.”

ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದು, ನಾಲ್ಕು ರೊಟ್ಟಿ ಬುತ್ತಿ ಕಟ್ಟಿ ಚಪ್ಪಲಿ ಮೆಟ್ಟಿದಳು.

ಮುಂದಿನ ಹಾರ್ನಿಗೆ ನನಗಿಂತ ಮೊದಲು ಬಾಗಿಲಿಗೆ ಓಡಿದವಳು ಅಜ್ಜಿ.