ಮಲಗಿದ ಕೊಕ್ಕರೆಗಳು

ಪೆಟ್ಟಿಗೆಯ ಮುಂಬದಿಗೆ ಬಟ್ಟೆ ಎಳೆದು ಹಿಡಿದು, ಮೂಲೆಗಳಿಗೆ ಮೊಳೆ ಚುಚ್ಚಿ, ಗುನಿಲ್ಲಾ ಹಿಂದೆ ಸರಿದು ನೋಡಿದಳು. ಹುಲ್ಲಿನ ನಡುವೆ ಕತ್ತು ಚಾಚಿ ನೆಟ್ಟಗೆ ನಿಲ್ಲಬೇಕಾಗಿದ್ದ ಕೊಕ್ಕರೆಗಳೆಲ್ಲ ಸಾಲಾಗಿ ಅಡ್ಡ ಮಲಗಿದ್ದವು.

ಅಳತೆ ಕೊಟ್ಟು ಮಾಡಿಸಿದ ಮೆತ್ತೆಪೆಟ್ಟಿಗೆ ಅದು. ಮುಚ್ಚಳದ ಮೇಲೆ ಮೂವರು ಆರಾಮವಾಗಿ ಕೂರಬಹುದು, ಮುಚ್ಚಳ ಎತ್ತಿದರೆ ಮನೆಯ ರಜಾಯಿಗಳನ್ನೆಲ್ಲ ನುಂಗಿಬಿಡುತ್ತದೆ. ಹಿಂದಿನ ವಾರ ಪೂರ್ತಿ ಗುನಿಲ್ಲಾ ಒಂದು ಹೋಟೆಲಿನ ಸೋಫಾಗಳಿಗೆ ಸಾದಾ ಬಟ್ಟೆ ಹೊದಿಸಿದ್ದಳು. ಸಾದಾ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿದರೆ ಉಳಿತಾಯ. ಚಿತ್ರದ ಬಟ್ಟೆಯಲ್ಲಿ ಆ ಆಟ ನಡೆಯುವುದಿಲ್ಲ, ಚಿತ್ರ ನೆಟ್ಟಗೆ ನಿಲ್ಲಬೇಕಾದರೆ ಅಡ್ಡಕ್ಕೇ ಕತ್ತರಿಸಬೇಕು. ಆದರೆ ಕೈ ಹಳೆಯ ಚಾಳಿಯಲ್ಲೇ ಓಡಿಬಿಟ್ಟಿತ್ತು. ಉಳಿದ ಬಟ್ಟೆ ಮುಂಬದಿಯ ಅಗಲಕ್ಕೆ ಸಾಲದು. ಹೊಸದಾಗಿ ಕೊಳ್ಳೋಣವೆಂದರೆ ಅದನ್ನು ಅಚ್ಚು ಹಾಕಿದ ಗಿರಣಿಯೇ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕುವುದರಲ್ಲಿ ಬುರೋಸ್ ಊರಿಗೆಲ್ಲ ಗುನಿಲ್ಲಾಳದು ಎತ್ತಿದ ಕೈ. ಹೂವುಗಳನ್ನು ತಲೆಕೆಳಗಾಗಿ ಹೊದಿಸಿದ ಒಂದು ಕುರ್ಚಿಯ ಕಥೆ ಹೇಳಿ ಹೇಳಿ, ಪಕ್ಕದ ಬೀದಿಯ ಸೋಫಾ ಕೆಲಸದವನ ಮಾನ ಹರಾಜು ಹಾಕಿದವಳು ಇವಳೇ.

ಅಷ್ಟರಲ್ಲಿ ಫೋನ್ ಬಂತು. ಪೆಟ್ಟಿಗೆ ಮಾಡಿಸುತ್ತಿದ್ದ ಮುದುಕಿ ಸಿಗ್ನೆ. ಅವಳ ಸತ್ತುಹೋದ ತಂಗಿ ದಾಗ್ಮಾರ್ ತನ್ನ ಮಗಳು ಎಲೀನಳ ಮನೆಗೆಂದು ತೆಗೆದಿಟ್ಟಿದ್ದ ಬಟ್ಟೆ ಅದು.

"ಹೇಗೆ ಬರ್ತಾ ಇದೆ ನಮ್ಮ ಪೆಟ್ಟಿಗೆ?"

"ಬಟ್ಟೆ ಅರ್ಧ ಮೀಟರ್ ಸಾಲ್ತಾ ಇಲ್ಲ, ಸಿಗ್ನೆಯವರೇ. ನೀವು ಕೊಟ್ಟಿದ್ದೇ ಕಡಿಮೆ ಅನ್ಸುತ್ತೆ." ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಅವಳಿಗೇ ಆಶ್ಚರ್ಯವಾಯಿತು.

"ಹೀಗಾಗುತ್ತೆ ಅಂತ ನಂಗೊತ್ತಿತ್ತು," ಎಂದಳು ಸಿಗ್ನೆ. "ನಾಳೆ ಬರ್ತೀನಿ."

ಮರುದಿನ ಬಂದವಳು ಕೋಟು ಕೂಡ ಬಿಚ್ಚಲಿಲ್ಲ. ಚೀಲದಿಂದ ಕೊಕ್ಕರೆಗಳ ಬಟ್ಟೆಯದೊಂದು ತುಂಡು ತೆಗೆದು ಮೇಜಿನ ಮೇಲೆ ಹರಡಿದಳು. ಸರಿಯಾಗಿ ಅರ್ಧ ಮೀಟರ್, ಪೂರ್ತಿ ಅಗಲ. ಮುದುಕಿಯ ಮುಖ ಕೆಂಪೇರಿತ್ತು.

"ನನ್ನ ಹತ್ರ ಇತ್ತು ಇದು. ಮಡಿಚಿ ದಿಂಬು ಮಾಡಿದ್ದು, ಕತ್ತರಿ ಸೋಕಿಲ್ಲ. ನಿನ್ನೆ ಬಿಚ್ಚಿದೆ. ಎಲೀನ್‌ಗೆ ಹೇಳಬೇಡಮ್ಮ, ನಿನ್ನ ದಮ್ಮಯ್ಯ. ತಾಯಿ ಮಗಳಿಗೆ ಬಿಟ್ಟುಹೋದ ಬಟ್ಟೇಲಿ ದೊಡ್ಡಮ್ಮ ಪಾಲು ಹೊಡೆದಳು ಅಂದ್ಕೋತಾಳೆ."

ಬಾಯಿ ಬಿಡಲು ಅದೇ ಸರಿಯಾದ ಹೊತ್ತಾಗಿತ್ತು. ಗುನಿಲ್ಲಾ ಬಟ್ಟೆಯ ಅಂಚನ್ನು ಸವರಿದಳು. ಇರುವೆ ಸಾಲಿನಂತೆ ಒತ್ತೊತ್ತಾಗಿ ಸೂಜಿಯ ತೂತುಗಳಿದ್ದವು. "ಕೈಹೊಲಿಗೆ ಎಷ್ಟು ಸಣ್ಣದು," ಎಂದಳು, ಏನಾದರೂ ಹೇಳಬೇಕಲ್ಲ ಎಂದು.

ಸಿಗ್ನೆ ಆ ತೂತುಗಳನ್ನೊಮ್ಮೆ ಸವರಿ ಹೊರಟುಹೋದಳು.

ಪೆಟ್ಟಿಗೆ ಮುಗಿಯಿತು. ಮುಚ್ಚಳದ ಕೊಕ್ಕರೆಗೆ ಮುಂಬದಿಯ ಕಾಲು ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡಿತ್ತು. ಬೇರೆ ದಿನವಾಗಿದ್ದರೆ ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದಳು. ಈಗ ಅದರ ಮೇಲೆ ಹಳೆಯ ದುಪ್ಪಟಿ ಎಸೆದಳು, ನೋಡಲಾರದೆ. ಮೇಜಿನ ಕೆಳಗೆ ಕೆಟ್ಟ ತುಂಡು ಬಿದ್ದಿತ್ತು. ಅದನ್ನು ಚೌಕವಾಗಿ ಕತ್ತರಿಸಿ ತಿರುಗಿಸಿದಳು. ಕೊಕ್ಕರೆಗಳು ಎದ್ದು ನಿಂತವು. ಅದರಲ್ಲೊಂದು ದಿಂಬು ಹೊಲಿದಳು. ದಿಂಬು ಕೈಗಿಟ್ಟರೆ ಮುದುಕಿಗೆ ತಾನಾಗಿಯೇ ಎಲ್ಲ ಅರ್ಥವಾಗುತ್ತದೆ, ತಾನು ಬಾಯಿಬಿಟ್ಟು ಹೇಳುವುದು ತಪ್ಪುತ್ತದೆ ಎಂಬುದು ಅವಳ ಲೆಕ್ಕ.

ಎಲೀನಳ ಮನೆಯಲ್ಲಿ ಪೆಟ್ಟಿಗೆ ಇಳಿಸಿದಾಗ ಸಿಗ್ನೆಯೂ ಅಲ್ಲಿದ್ದಳು. ಎಲೀನ್ ಮುಚ್ಚಳವನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಅಮ್ಮ ನೋಡಬೇಕಿತ್ತು, ಅಲ್ವಾ ದೊಡ್ಡಮ್ಮ? ಕೂತ್ಕೊಳ್ಳಿ ಇಬ್ರೂ, ಕಾಫಿ ತರ್ತೀನಿ. ಏಲಕ್ಕಿ ಬನ್ ಕೂಡ ಬಿಸಿ ಇದೆ." ಅವಳು ಅಡುಗೆಮನೆಗೆ ಹೋದಳು.

ಗುನಿಲ್ಲಾ ಕಾಗದದ ಚೀಲದಿಂದ ದಿಂಬು ತೆಗೆದು ಮುದುಕಿಯ ತೊಡೆಯ ಮೇಲಿಟ್ಟಳು. ಸಿಗ್ನೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಈ ಬಟ್ಟೆ ಎಲ್ಲಿಂದ ಬಂತು?"

ಲೆಕ್ಕ ತಪ್ಪಿತ್ತು. ಹೇಳಲೇಬೇಕಾಯಿತು.

"ನೀವು ಕೊಟ್ಟಿದ್ದೇ. ಬಟ್ಟೆ ಕಡಿಮೆ ಇರಲಿಲ್ಲ ಸಿಗ್ನೆಯವರೇ. ನಾನೇ ಉದ್ದಕ್ಕೆ ಕತ್ತರಿಸಿ ಹಾಳು ಮಾಡ್ದೆ. ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು, ನಿಮ್ಮ ತಲೆಗೆ ಕಟ್ಟಿದೆ." ಮುದುಕಿ ಬೈದರೆ ಸಾಕೆನಿಸಿತು.

ಸಿಗ್ನೆ ಬೈಯಲಿಲ್ಲ. ಕೈಚೀಲ ತೆರೆದು ಒಂದು ಬೆಂಕಿಪೊಟ್ಟಣ ಹೊರತೆಗೆದಳು.

"ಇದನ್ನ ಯಾರಿಗೂ ಕಾಣದ ಹಾಗೆ ಪೆಟ್ಟಿಗೆ ತಳಕ್ಕೆ ಹಾಕೋಣ ಅಂತ ತಂದಿದ್ದೆ," ಎಂದಳು. "ಅವತ್ತು ಬಿಚ್ಚಿ ತಂದ್ನಲ್ಲ, ಆ ದಿಂಬು ನಾನು ಹೊಲಿದಿದ್ದಲ್ಲ. ಆಸ್ಪತ್ರೆಗೆ ಹೋಗೋ ಮುಂಚೆ ದಾಗ್ಮಾರ್ ಕೂತು, ನನ್ನ ಬೆನ್ನುನೋವಿಗೆ ಅಂತ ಹೊಲಿದುಕೊಟ್ಟಿದ್ದು. ಆಮೇಲೆ ಅವಳು ಸೂಜಿ ಹಿಡೀಲಿಲ್ಲ."

ಪೊಟ್ಟಣವನ್ನು ಗುನಿಲ್ಲಾಳ ಅಂಗೈಗೆ ಹಾಕಿದಳು. "ನೀನು ಕೆಲಸ ಬಲ್ಲವಳು. ನೋಡು, ಮತ್ತೆ ಹೊಲಿಯೋಕೆ ಬರೋ ಅಂಥದ್ದು ಒಂದಾದ್ರೂ ಇದೆಯಾ."

ಗುನಿಲ್ಲಾ ಪೊಟ್ಟಣ ತೆರೆದಳು. ಒಳಗೆ ತುಂಬ, ದಾಗ್ಮಾರಳ ಹೊಲಿಗೆಯಿಂದ ಬಿಚ್ಚಿದ ಬಿಳಿ ದಾರದ ಚೂರುಗಳಿದ್ದವು, ಯಾವುದೂ ಉಗುರಿಗಿಂತ ಉದ್ದವಿರಲಿಲ್ಲ. ಅಡುಗೆಮನೆಯಿಂದ ಎಲೀನ್, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುತ್ತಿದ್ದಳು. ಗುನಿಲ್ಲಾ ಒಂದೊಂದೇ ಚೂರನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹುಡುಕುತ್ತಲೇ ಇದ್ದಳು.